ಕೊಡಗಿನ ಮಳೆಯಲ್ಲಿ ಒಂದು ಹಗುರ ಕಾರು: ನನ್ನ ಅನುಭವ

ಸ್ಯಾನ್ ಸ್ಟಾರ್ಮ್ ಕಾರನ್ನು ಕಣ್ಣಾರೆ ನೋಡಿದವರು ಕಡಿಮೆ. 1998ರಲ್ಲಿ ಬಂದ, ಗೋವಾದಲ್ಲಿ ತಯಾರಾಗುತ್ತಿದ್ದ ಪುಟ್ಟ ಕಾರು ಅದು. ಎರಡೇ ಸೀಟು. ತಲೆಯ ಮೇಲೆ ಬಿಚ್ಚಿ ಮಡಚುವ ಬಟ್ಟೆಯ ಹುಡ್. ಮೈಯೆಲ್ಲ ಫೈಬರ್. ಮುಂದೆ ರೆನೋದ 1149 ಸಿಸಿ ಪೆಟ್ರೋಲ್ ಎಂಜಿನ್, 60 ಬಿಎಚ್‌ಪಿ ಆಸುಪಾಸು. ಈಗಿನ ಎಷ್ಟೋ ಮಾಮೂಲಿ ಕಾರುಗಳಲ್ಲಿ ಇದಕ್ಕಿಂತ ಜಾಸ್ತಿ ಶಕ್ತಿ ಇದೆ. ಆದರೂ ಅಮ್ಮತ್ತಿಯಿಂದ ವಿರಾಜಪೇಟೆಗೆ ಹೋಗುವ ತಿರುವುಗಳಲ್ಲಿ ನನಗೆ ಇಷ್ಟು ಖುಷಿ ಕೊಟ್ಟ ಗಾಡಿ ಇನ್ನೊಂದಿಲ್ಲ.

ಅದಕ್ಕೆ ಕಾರಣ ತೂಕ. ಕಾರು ಒಂದು ಟನ್ನಿಗೂ ಕಡಿಮೆ. ಸಂಪಾಜೆ ಘಾಟಿಯನ್ನೇ ತೆಗೆದುಕೊಳ್ಳಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸುಳ್ಯದ ಕಡೆಗೆ ಇಳಿಯುವಾಗ ಬ್ರೇಕು ಎಷ್ಟು ಬಿಸಿಯಾಗುತ್ತದೆ ಅನ್ನುವುದು ಗಾಡಿಯ ತೂಕದ ಮೇಲೆ ನಿಂತಿದೆ. ಎರಡು ಟನ್ನಿನ ಎಸ್‌ಯುವಿಯ ಬ್ರೇಕು ತಡೆದುಕೊಳ್ಳುವ ಶಾಖದಲ್ಲಿ ಅರ್ಧವೂ ನನ್ನ ಕಾರಿನ ಪಾಲಿಗೆ ಬರುವುದಿಲ್ಲ. ಎರಡನೇ, ಮೂರನೇ ಗೇರಿನಲ್ಲಿ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಟೈರು ಬೇಗ ಸವೆಯುವುದಿಲ್ಲ, ಚಕ್ರದ ಜೋಡಣೆಯಲ್ಲಿರುವ ರಬ್ಬರ್ ಬುಶ್‌ಗಳು ಬಾಳಿಕೆ ಬರುತ್ತವೆ, ಪೆಟ್ರೋಲ್ ಕಡಿಮೆ ಕುಡಿಯುತ್ತದೆ. ಮುಖ್ಯವಾಗಿ, ಮಜಾ ಸಿಗೋಕೆ ವೇಗ ಬೇಡ. ಗಂಟೆಗೆ 40-50 ಕಿ.ಮೀ.ನಲ್ಲೇ ರಸ್ತೆಯ ಪ್ರತಿ ಸಣ್ಣ ಏರಿಳಿತವೂ ಸ್ಟೀರಿಂಗ್ ಮೂಲಕ ಕೈಗೆ ಗೊತ್ತಾಗುತ್ತದೆ. ನಮ್ಮ ರಸ್ತೆಗಳಲ್ಲಿ ಅದಕ್ಕಿಂತ ಜಾಸ್ತಿ ಓಡಿಸಲೂಬಾರದು, ಅಲ್ವಾ?

ಹಾಗಾಗಿ ಕಾರಿಗೆ ಏನನ್ನಾದರೂ ಹೊಸದಾಗಿ ಸೇರಿಸುವ ಮೊದಲು ತಕ್ಕಡಿಯಲ್ಲಿ ಇಡುತ್ತೇನೆ. ದೊಡ್ಡ ಸ್ಪೀಕರು, ಕಬ್ಬಿಣದ ಗಾರ್ಡು, ಅಗಲವಾದ ಅಲಾಯ್ ವೀಲು ಯಾವುದೂ ಹಾಕಿಲ್ಲ. ಅಗಲದ ಟೈರು ಹಾಕಿದರೆ ಸ್ಟೀರಿಂಗ್ ಭಾರವಾಗುತ್ತದೆ. ಮೇಲಾಗಿ ಹಗುರ ಕಾರಿನಡಿ ಅಗಲದ ಟೈರು ಮಳೆನೀರಿನ ಮೇಲೆ ಬೇಗ ತೇಲುತ್ತದೆ. ಟೈರು ಕೊಳ್ಳುವಾಗ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿ ಓದಿ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಇಂಥ ಕಾರು ಓಡುವುದು ಕಡಿಮೆಯಾದ್ದರಿಂದ ಟೈರಿನ ಮೇಲಿನ ಅಚ್ಚು (ಟ್ರೆಡ್) ಸವೆಯುವ ಮೊದಲೇ ರಬ್ಬರು ಗಟ್ಟಿಯಾಗಿಬಿಡುತ್ತದೆ. ಒದ್ದೆ ರಸ್ತೆಯಲ್ಲಿ ಜಾರಿಸುವುದು ಆ ಗಟ್ಟಿ ರಬ್ಬರೇ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರು ಹೇಗಿರುತ್ತದೆ ಅನ್ನುವುದರ ಮೇಲೆ ಉಳಿದ ವರ್ಷವೆಲ್ಲ ನಿಂತಿದೆ. ಎಷ್ಟೋ ಜನ ಪ್ಲಾಸ್ಟಿಕ್ ಟಾರ್ಪಾಲ್ ಬಿಗಿದು ಮೂಲೆಯಲ್ಲಿ ನಿಲ್ಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೇವ ಒಳಗೇ ಸಿಕ್ಕಿಕೊಂಡು ಸೀಟು, ಬೆಲ್ಟು, ಸ್ಟೀರಿಂಗ್ ಎಲ್ಲದರ ಮೇಲೂ ಬೂಷ್ಟು ಹಿಡಿಯುತ್ತದೆ. ನಾನು ಕಾಫಿ ಗೋಡೌನಿನ ಪಕ್ಕದ ಶೆಡ್ಡಿನಲ್ಲಿ, ಗಾಳಿ ಆಡುವ ಕಡೆ ನಿಲ್ಲಿಸುತ್ತೇನೆ. ಕಿಟಕಿ ಒಂದು ಬೆರಳಷ್ಟು ಇಳಿಸಿರುತ್ತೇನೆ. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆಯ ಬೀರುವಿನೊಳಗೆ ಬಲ್ಬ್ ಉರಿಸಿಡುವುದುಂಟು. ಅದೇ ಉಪಾಯ ಇಲ್ಲಿಯೂ ನಡೆಯುತ್ತದೆ. ತಂತಿ ಬಲೆಯೊಳಗೆ ಸಣ್ಣ ಹಳೇ ಕಾಲದ ಬಲ್ಬ್, ಕಾಲಿಡುವ ಜಾಗದಲ್ಲಿ, ಕಾರ್ಪೆಟ್ ಎತ್ತಿಟ್ಟು. ಮನೆಯಲ್ಲಿ ಯಾರಾದರೂ ಇದ್ದಾಗ ಮಾತ್ರ. ಬಾನೆಟ್ ತೆರೆದೇ ಇಡುತ್ತೇನೆ, ಬೆಳಕು ಬಿದ್ದರೆ ಇಲಿಗಳು ಗೂಡು ಕಟ್ಟುವುದು ಕಡಿಮೆ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಒಳ್ಳೆಯದಲ್ಲ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಸೈಲೆನ್ಸರ್ ಪೂರ್ತಿ ಬಿಸಿಯಾಗದಿದ್ದರೆ ಅದು ಒಳಗೇ ನೀರಾಗಿ ನಿಲ್ಲುತ್ತದೆ, ಸ್ವಲ್ಪ ಆಯಿಲಿಗೂ ಸೇರುತ್ತದೆ. ಓಡಿಸುವುದಾದರೆ ಮಳೆ ಬಿಟ್ಟ ಹೊತ್ತು ನೋಡಿ ಹದಿನೈದು, ಇಪ್ಪತ್ತು ಕಿಲೋಮೀಟರ್ ಓಡಿಸಿ. ಆಗದಿದ್ದರೆ ಸುಮ್ನೆ ಬಿಡಿ. ಬ್ಯಾಟರಿಗೆ ಬೇರೆ ಚಾರ್ಜರ್ ಇಟ್ಟರೆ ಸಾಕು. ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ. 12.2ಕ್ಕೆ ಇಳಿದಿದ್ದರೆ ಹತ್ತಿರ ಹತ್ತಿರ ಅರ್ಧ ಖಾಲಿ.

ಫೈಬರ್ ಕಾರು ಇಟ್ಟುಕೊಂಡವರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಅರ್ತಿಂಗ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ. ತಗಡಿನ ಕಾರಿನಲ್ಲಿ ಬ್ಯಾಟರಿಯ ನೆಗೆಟಿವ್ ಬಾಡಿಗೇ ಸೇರಿರುತ್ತದೆ. ಯಾವ ಲೈಟಿಗಾದರೂ ಹತ್ತಿರದ ತಗಡಿಗೆ ಒಂದು ವೈರ್ ಬಿಗಿದರೆ ಕೆಲಸ ಮುಗಿಯಿತು. ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಪ್ರತಿ ಲೈಟು, ಹಾರನ್, ವೈಪರ್, ಪೆಟ್ರೋಲ್ ಗೇಜು ಎಲ್ಲದರ ಅರ್ತಿಂಗ್ ವೈರೂ ಕೆಳಗಿನ ಕಬ್ಬಿಣದ ಚೌಕಟ್ಟಿನ (ಚಾಸಿ) ತನಕ ಬರಬೇಕು. ಕೊಡಗಿನ ತೇವದಲ್ಲಿ ಆ ಕೂಡುವ ಜಾಗಗಳೇ ಮೊದಲು ಹಾಳಾಗುವುದು.

ಒಂದು ಆಗಸ್ಟ್ ಸಂಜೆ ಸಿದ್ದಾಪುರದಿಂದ ಬರುವಾಗ ಹಿಂದಿನ ಜೀಪಿನವರು ನಿಲ್ಲಿಸಿ ಹೇಳಿದರು: "ಅಣ್ಣಾ, ನೀವು ಬ್ರೇಕ್ ಹಿಡಿದರೆ ಇಂಡಿಕೇಟರ್ ಉರೀತದೆ ನೋಡಿ." ಮರುದಿನ ಗ್ಯಾರೇಜಿನಲ್ಲಿ ಬಲ್ಬ್ ಬದಲಾಯಿಸಿದರು, ಸ್ವಿಚ್ ಬದಲಾಯಿಸಿದರು, ಹೋಗಲಿಲ್ಲ. ಮನೆಗೆ ಬಂದು ಮಲ್ಟಿಮೀಟರ್ ಹಿಡಿದು ಕೂತೆ. ಲೈಟ್ ಉರಿಯುತ್ತಿರುವಾಗಲೇ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಲೈಟಿನ ಅರ್ತಿಂಗ್ ಪಿನ್ನಿಗೆ ಇಟ್ಟು ವೋಲ್ಟ್ ನೋಡಬೇಕು. ಸರಿ ಇದ್ದರೆ ಸೊನ್ನೆಯ ಹತ್ತಿರ ಇರುತ್ತದೆ. 0.2 ದಾಟಿದರೆ ಅನುಮಾನ ಪಡಬೇಕು. ನನ್ನದು ಮೂರು ವೋಲ್ಟಿನ ಮೇಲೆ ತೋರಿಸಿತು! ದಾರಿ ಮುಚ್ಚಿಹೋದದ್ದಕ್ಕೆ ಬ್ರೇಕ್ ಲೈಟಿನ ಕರೆಂಟು ಇಂಡಿಕೇಟರ್ ಬಲ್ಬಿನ ಮೂಲಕ ಹಿಂದೆ ಹೋಗುತ್ತಿತ್ತು, ಅಷ್ಟೆ. ಡಿಕ್ಕಿಯ ಒಳಗೆ ಕೈ ಹಾಕಿ ಬೋಲ್ಟ್ ಬಿಚ್ಚಿದೆ. ಉಂಗುರದ ಟರ್ಮಿನಲ್ ಅಡಿಯಲ್ಲಿ ಹಸಿರು ಪುಡಿ ಗಟ್ಟಿ ಹಿಡಿದಿತ್ತು. ವೈರನ್ನು ಕತ್ತರಿಸಿ ಸಿಪ್ಪೆ ಸುಲಿದರೆ ಒಳಗಿನ ತಾಮ್ರವೂ ಕಪ್ಪು. ತಾಮ್ರ ಹೊಳೆಯುವ ತನಕ ಕತ್ತರಿಸುತ್ತಾ ಹೋಗಿ, ಹೊಸ ಟರ್ಮಿನಲ್ ಒತ್ತಿ, ಚಾಸಿಯ ಪೇಂಟನ್ನು ಎಮರಿ ಪೇಪರಿನಲ್ಲಿ ಉಜ್ಜಿ ಕಬ್ಬಿಣ ಕಾಣಿಸಿ, ಹಲ್ಲಿನ ವಾಶರ್ ಹಾಕಿ ಬಿಗಿದೆ. ಮೇಲೆ ವ್ಯಾಸಲೀನ್ ಬಳಿದೆ. ಈಗ ಪ್ರತಿ ವರ್ಷ ಮಳೆಗೆ ಮೊದಲು ಮೇ ತಿಂಗಳಲ್ಲಿ ಎಲ್ಲ ಅರ್ತಿಂಗ್‌ಗಳನ್ನೂ ಹೀಗೆ ಅಳೆಯುತ್ತೇನೆ. ಈ ಒಂದು ಕೆಲಸ ಮಾಡಿದರೆ ಹಳೇ ಫೈಬರ್ ಕಾರಿನ ಕರೆಂಟಿನ ಮುಕ್ಕಾಲು ಪಾಲು ತಲೆನೋವು ಹತ್ತಿರ ಸುಳಿಯುವುದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಫೈಬರಿನ ರಿಪೇರಿಯನ್ನು ಕಲಿತದ್ದು ಮಲ್ಪೆಯಲ್ಲಿ. ಕಾರಿನವರ ಹತ್ತಿರವಲ್ಲ, ಫೈಬರ್ ದೋಣಿ ರಿಪೇರಿ ಮಾಡುವವರ ಹತ್ತಿರ. ಮಡ್‌ಗಾರ್ಡಿನ ಬಿರುಕಿನ ಫೋಟೋ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಅದರ ಹಿಂದೆ ಬೋಲ್ಟ್ ಉಂಟಾ?" ಇತ್ತು. ನಕ್ಷತ್ರದ ಹಾಗೆ ಹರಡಿದ ಬಿರುಕು ಬಂದರೆ ಅಲ್ಲಿ ಯಾವುದೋ ಬೋಲ್ಟ್ ಜಾಸ್ತಿ ಬಿಗಿಯಾಗಿದೆ, ಇಲ್ಲವೇ ಆ ಭಾಗ ಅಲುಗಾಡುತ್ತಿದೆ. ಅದನ್ನು ಸರಿಮಾಡದೆ ಮೇಲೆ ಪುಟ್ಟಿ ಮೆತ್ತಿದರೆ ಮತ್ತೆ ಅಲ್ಲೇ ಬಿರಿಯುತ್ತದೆ. ಅವರು ಹೇಳಿದ ಇನ್ನೊಂದು ಮಾತು: "ಮಳೆಗಾಲದಲ್ಲಿ ಮಾತ್ರ ಇದನ್ನು ಮುಟ್ಟಬೇಡಿ ಮಾರಾಯ್ರೆ, ಸೆಟ್ಟೇ ಆಗುದಿಲ್ಲ." ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಫೈಬರಿಗೆ ಹಾಕುವ ಅಂಟು, ಪಾಲಿಯೆಸ್ಟರ್ ರೆಸಿನ್, ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಅದಕ್ಕೇ ನಾನು ಫೈಬರ್ ಕೆಲಸವನ್ನೆಲ್ಲ ಫೆಬ್ರವರಿಗೆ ಇಟ್ಟುಕೊಂಡಿದ್ದೇನೆ. ಕಾಫಿ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ಒಣ ಬಿಸಿಲು ಇರುತ್ತದೆ.

ಕೆಲಸ ಹೀಗೆ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಬಿರುಕನ್ನು ವಿ ಆಕಾರದಲ್ಲಿ ಉಜ್ಜಬೇಕು. ಹಿಂಬದಿಯಿಂದ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಸು) ಇಟ್ಟು, ರೆಸಿನ್ ಕುಡಿಸಿ, ಬ್ರಶ್ಶಿನಿಂದ ಕುಟ್ಟಿ ಗಾಳಿಗುಳ್ಳೆ ಹೊರಗೆ ತೆಗೆಯಬೇಕು. ಹಾರ್ಡ್‌ನರ್ ನೂರು ಭಾಗ ರೆಸಿನ್ನಿಗೆ ಒಂದೆರಡು ಭಾಗ ಮಾತ್ರ. ಒಂದು ಎಚ್ಚರಿಕೆ: ಅಂಗಡಿಯಲ್ಲಿ ರೆಸಿನ್ ಜೊತೆ ಕೋಬಾಲ್ಟ್ (ಬೇಗ ಗಟ್ಟಿಯಾಗಿಸುವ ದ್ರವ) ಮತ್ತು ಹಾರ್ಡ್‌ನರ್ ಎರಡು ಬೇರೆ ಬಾಟಲಿಯಲ್ಲಿ ಕೊಡುತ್ತಾರೆ. ಅವೆರಡನ್ನೂ ನೇರವಾಗಿ ಬೆರೆಸಲೇಬಾರದು, ಸಿಡಿಯುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡ್‌ನರ್. ಉಜ್ಜುವಾಗ ಮಾಸ್ಕು, ಕನ್ನಡಕ, ಉದ್ದ ತೋಳಿನ ಅಂಗಿ ಬೇಕೇ ಬೇಕು. ಗಾಜಿನ ಧೂಳು ಚರ್ಮಕ್ಕೆ ಹೊಕ್ಕರೆ ಎರಡು ದಿನ ತುರಿಕೆ ಬಿಡುವುದಿಲ್ಲ.

ಮೇಲ್ಮೈ ತುಕ್ಕು ಹಿಡಿಯದು ಅಂತ ಕೆಳಗಡೆ ಮರೆಯುವಂತಿಲ್ಲ. ಚಾಸಿ ಕಬ್ಬಿಣದ್ದೇ. ನಮ್ಮಲ್ಲಿ ಜೀಪುಗಳ ಅಡಿಗೆ ಹಳೇ ಎಂಜಿನ್ ಆಯಿಲ್ ಹೊಡೆಸುವ ರೂಢಿ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಆಯಿಲ್ ತಾಗಿದ ರಬ್ಬರ್ ಬುಶ್ ಉಬ್ಬಿ ಮೆತ್ತಗಾಗುತ್ತದೆ, ಮಳೆಗೆ ತೊಳೆದ ಆಯಿಲ್ ತೋಟದ ಮಣ್ಣಿಗೇ ಸೇರುತ್ತದೆ. ಮೇಣದ ಕೋಟಿಂಗ್ ಹೊಡೆಸಿ. ಕೆಸರು ತೊಳೆದ ಮೇಲೆ ನೀರು ಇಳಿಯುವ ತೂತುಗಳನ್ನು ತಂತಿಯಿಂದ ಚುಚ್ಚಿ ತೆರವು ಮಾಡಿ.

ಹುಡ್ಡಿನ ವಿಷಯದಲ್ಲಿ ಕೊಡಗಿನವರು ಅದೃಷ್ಟವಂತರು. ಜೀಪುಗಳಿಗೆ ಕ್ಯಾನ್ವಾಸ್ ಹೊಲಿಯುವ ಒಳ್ಳೆ ಕೈಗಳು ಇಲ್ಲೇ ಇವೆ. ಗೋಣಿಕೊಪ್ಪದಲ್ಲಿ ಹೊಲಿಸಿದ ನನ್ನ ಹುಡ್ ಚೆನ್ನಾಗಿಯೇ ನಿಂತಿದೆ. ಹತ್ತಿಯ ದಾರ ಬೇಡ, ಪಾಲಿಯೆಸ್ಟರ್ ದಾರ ಹಾಕಿ ಅನ್ನಬೇಕು. ನೀರು ಇಳಿಯುವುದು ಬಟ್ಟೆಯಿಂದಲ್ಲ, ಸೂಜಿಯ ತೂತಿನಿಂದ. ಹೊಲಿಗೆಯ ಮೇಲೆ ಒಳಗೂ ಹೊರಗೂ ಮೇಣ ಉಜ್ಜಿ, ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಇಳಿಸಿದರೆ ಒಂದು ಮಳೆಗಾಲಕ್ಕೆ ಚಿಂತೆಯಿಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬ ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬದುಕುವ ನಾವು ಎರಡು ವರ್ಷ ಕಾಯಬಾರದು. ನಾನು ಪ್ರತಿ ವರ್ಷ ಮಳೆ ಮುಗಿದ ಮೇಲೆ ಬದಲಾಯಿಸುತ್ತೇನೆ. ಪೆಟ್ರೋಲಿನಲ್ಲಿ ಈಗ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಅದೂ ನೀರು ಹೀರುತ್ತದೆ, ಹಳೇ ರಬ್ಬರ್ ಹೋಸನ್ನು ಸಡಿಲ ಮಾಡುತ್ತದೆ. ಟ್ಯಾಂಕಿನಿಂದ ಎಂಜಿನ್ ತನಕ ಎಥನಾಲ್ ತಡೆಯುವ ಹೋಸು ಹಾಕಿಸಿದ್ದೇನೆ. ಮಳೆಗಾಲದಲ್ಲಿ ಟ್ಯಾಂಕನ್ನು ತುಂಬಿಯೇ ಇಡುತ್ತೇನೆ, ಖಾಲಿ ಜಾಗ ಇದ್ದಷ್ಟೂ ತೇವದ ಗಾಳಿ.

ಪಾರ್ಟ್ಸ್ ಸಿಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಇದೇ ಎಂಜಿನ್ ಯುರೋಪಿನಲ್ಲಿ ರೆನೋ ಕ್ಲಿಯೊ, ಟ್ವಿಂಗೊ ಕಾರುಗಳಿಗೂ ಇತ್ತು. ಆ ಕಾರುಗಳ ಹೆಸರಿನಲ್ಲಿ ಹುಡುಕಿದರೆ ಟೈಮಿಂಗ್ ಬೆಲ್ಟು, ಗ್ಯಾಸ್ಕೆಟ್ಟು, ಸೆನ್ಸರು ಸಿಗುತ್ತವೆ. ಬೇರಿಂಗಿಗೆ ಕಾರಿನ ಹೆಸರೇ ಬೇಡ. ಉಂಗುರದ ಮೇಲೆ ಅಚ್ಚಾದ ನಂಬರು ಓದಿಕೊಂಡು ಮೈಸೂರಿನ ಬೇರಿಂಗ್ ಅಂಗಡಿಗೆ ಹೋದರೆ ಆಯಿತು. ಆಯಿಲ್ ಸೀಲ್ ಕೂಡ ಹಾಗೆಯೇ, ಒಳವ್ಯಾಸ, ಹೊರವ್ಯಾಸ, ದಪ್ಪ ಮೂರೂ ಮಿಲಿಮೀಟರಿನಲ್ಲಿ ಗೊತ್ತಿರಬೇಕು. ಏನೇ ಬಿಚ್ಚಿದರೂ ಅದರ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಕಾರಿನ ಆರ್‌ಸಿಗಿಂತ ಆ ನೋಟ್‌ಬುಕ್ಕನ್ನು ಜೋಪಾನ ಮಾಡುತ್ತೇನೆ.

ಓಡಿಸುವ ಸುಖ ಅಕ್ಟೋಬರ್ ಕೊನೆಯಿಂದ ಶುರು. ಮೂರ್ನಾಡಿನಿಂದ ನಾಪೋಕ್ಲು, ಅಲ್ಲಿಂದ ಕಕ್ಕಬ್ಬೆ ಕಡೆಗಿನ ರಸ್ತೆ ನನಗೆ ಎಲ್ಲಕ್ಕಿಂತ ಇಷ್ಟ. ತಿರುವಿಗೆ ಮೊದಲೇ ನೇರ ಇರುವಾಗ ಬ್ರೇಕ್ ಮುಗಿಸಿ, ಎರಡನೇ ಗೇರಿಗೆ ಇಳಿದು, ಆಕ್ಸಿಲರೇಟರನ್ನು ಒಂದೇ ಸಮ ಹಿಡಿದರೆ ಮೂಗು ಹಗುರವಾಗಿ ತಿರುಗುತ್ತದೆ. ಮುಂದಿನ ಚಕ್ರವೇ ಎಳೆಯುವ ಕಾರು ಇದು. ಹಾಗಾಗಿ ತಿರುವಿನ ನಡುವೆ ಜಾಸ್ತಿ ತುಳಿದರೆ ಹೊರಗೆ ಎಳೆಯುತ್ತದೆ, ಸ್ವಲ್ಪ ಬಿಟ್ಟರೆ ಒಳಗೆ ಬರುತ್ತದೆ. ಈ ಕೊಡುಕೊಳ್ಳುವಿಕೆ ಕೈಗೆ ಹತ್ತಿದ ಮೇಲೆ ವೇಗದ ಆಸೆಯೇ ಕಡಿಮೆಯಾಗುತ್ತದೆ. ವೇಗ ಬೇಕೆನಿಸಿದವರಿಗೆ ನಮ್ಮ ಜಿಲ್ಲೆಯಲ್ಲಿ ರ‍್ಯಾಲಿ, ಆಟೋಕ್ರಾಸ್ ಇವೆ. ಹೆಲ್ಮೆಟ್ಟು, ಮಾರ್ಷಲ್ಲು, ಮುಚ್ಚಿದ ದಾರಿ ಇರುವ ಕಡೆ ಓಡಿಸಲಿ. ಊರ ರಸ್ತೆಯಲ್ಲಿ ತಿರುವಿನಾಚೆ ಶಾಲೆಯ ಮಕ್ಕಳು, ಕೂಲಿಯವರನ್ನು ಹೊತ್ತ ಜೀಪು, ಕಾಫಿ ಮೂಟೆಯ ಟ್ರ್ಯಾಕ್ಟರು ಏನು ಬೇಕಾದರೂ ಇರಬಹುದು. ಪ್ರತಿ ಕುರುಡು ತಿರುವಿಗೂ ಹಾರನ್ ಹಾಕುತ್ತೇನೆ.

ಸಿದ್ದಾಪುರ, ಅಮ್ಮತ್ತಿ ಕಡೆ ಕತ್ತಲಾದ ಮೇಲೆ ಹುಡ್ ತೆಗೆದು ಹೋಗುವುದಿಲ್ಲ. ತೋಟದಿಂದ ತೋಟಕ್ಕೆ ಆನೆ ದಾಟುವ ಹೊತ್ತು ಅದು. ಕಾರು ನೆಲಕ್ಕೆ ಹತ್ತಿರ ಇರುವುದರಿಂದ ಬೇಲಿಯಾಚೆ ಏನೂ ಕಾಣುವುದಿಲ್ಲ. ಬೆಳಗ್ಗೆ ಏಳರ ಮೇಲೆ ಹೊರಟರೆ ಮಂಜೂ ಕರಗಿರುತ್ತದೆ, ರಸ್ತೆಯೂ ಒಣಗಿರುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ಆಗ ಹುಡ್ ಇಳಿಸಿ ಪೊನ್ನಂಪೇಟೆಯಿಂದ ಕುಟ್ಟದ ತನಕ ಹೋಗಿ ಬರಬೇಕು. ಎರಡೂ ಬದಿ ಬೆಳ್ಳಗೆ, ಕಿಲೋಮೀಟರುಗಟ್ಟಲೆ ಅದೇ ಪರಿಮಳ. ಈ ಸಲ ಅಷ್ಟರೊಳಗೆ ಟೈಮಿಂಗ್ ಬೆಲ್ಟ್ ಬದಲಾಯಿಸಬೇಕು. ಓಡಿದ ಕಿಲೋಮೀಟರ್ ಕಡಿಮೆಯೇ, ಆದರೆ ಬೆಲ್ಟಿಗೆ ಐದು ವರ್ಷ ತುಂಬಿದೆ. ಜೊತೆಗೆ ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಶನರನ್ನೂ ತರಿಸಿದ್ದೇನೆ, ವಾಟರ್ ಪಂಪ್ ಇನ್ನೂ ದಾರಿಯಲ್ಲಿದೆ. ಅದು ಬಂದ ವಾರವೇ ಕೆಲಸ ಶುರು ಮಾಡುತ್ತೇನೆ.