ಓಡುವ ಕರ್ನಲ್‌ಗೆ ತೇಪೆ: ಲೇಟೆನ್ಸಿ ತಗ್ಗಿಸುವುದು ಹೇಗೆ?

ರಿಯಲ್‌ಟೈಮ್ ಲಿನಕ್ಸ್‌ನಲ್ಲಿ (ಕೆಲಸ ಹೇಳಿದ ಹೊತ್ತಿಗೇ ಆಗಬೇಕಾದ ಕಡೆ ಬಳಸುವ ಲಿನಕ್ಸ್) ಕೋರ್ ಐಸೊಲೇಟ್ ಮಾಡಿದ್ದೀರಿ, ಅಂದರೆ ಪ್ರೊಸೆಸರಿನ ಒಂದು ಕೋರನ್ನು ನಿಮ್ಮ ಕೆಲಸಕ್ಕೇ ಮೀಸಲಿಟ್ಟಿದ್ದೀರಿ; ಪ್ರಯಾರಿಟಿ ಏರಿಸಿದ್ದೀರಿ. ಆದರೂ ಆಗೊಮ್ಮೆ ಈಗೊಮ್ಮೆ ಲೇಟೆನ್ಸಿ (ಕೆಲಸ ಶುರುವಾಗಲು ಆಗುವ ತಡ) ದಿಢೀರನೆ ಏರುತ್ತದೆ, ಅಲ್ವಾ? ಲಿನಕ್ಸ್‌ನ ತಿರುಳಾದ ಕರ್ನಲ್ ಓಡುತ್ತಲೇ ತನ್ನ ಕೋಡನ್ನು ತಾನೇ ತಿದ್ದಿಕೊಳ್ಳುತ್ತಿರಬಹುದು. ಇದೇ ತೇಪೆ.

ಅಪರೂಪಕ್ಕೆ ಬೇಕಾಗುವ ಕೋಡ್ ಇರುವಲ್ಲಿ ಕರ್ನಲ್ ಏನೂ ಮಾಡದ ‘ನಾಪ್’ ಇಟ್ಟಿರುತ್ತದೆ. ಬೇಕಾದಾಗ ಅದನ್ನು ಅಳಿಸಿ ಜಂಪ್ ಬರೆಯುತ್ತದೆ. ಇದೇ ಸ್ಟ್ಯಾಟಿಕ್ ಕೀ. ಎಕ್ಸ್86 (ಇಂಟೆಲ್, ಎಎಂಡಿ) ಪ್ರೊಸೆಸರ್‌ಗಳಲ್ಲಿ ತಿದ್ದುವ ಈ ಜಾಗ ಸಾಮಾನ್ಯವಾಗಿ 5 ಬೈಟ್. ತಿದ್ದುವುದು ಮೂರು ಹಂತದಲ್ಲಿ: ಮೊದಲ ಬೈಟಿನ ಜಾಗದಲ್ಲಿ ಬ್ರೇಕ್‌ಪಾಯಿಂಟ್ (ಅಲ್ಲಿಗೆ ಬಂದ ಕೋರನ್ನು ತಡೆಯುವ ಸೂಚನೆ), ಆಮೇಲೆ ಉಳಿದ 4, ಕೊನೆಗೆ ಆ ಮೊದಲ ಬೈಟ್. ಪ್ರತಿ ಹಂತದಲ್ಲೂ ಎಲ್ಲ ಕೋರ್‌ಗಳಿಗೆ ಇಂಟರಪ್ಟ್ (ಕೈಲಿದ್ದ ಕೆಲಸ ನಿಲ್ಲಿಸಿ ಇತ್ತ ನೋಡು ಎಂಬ ಕರೆ) ಹೋಗುತ್ತದೆ. ಎಲ್ಲ ಅಂದರೆ ಎಲ್ಲ. ಐಸೊಲೇಟ್ ಮಾಡಿದ ಕೋರನ್ನೂ ಬಿಡುವುದಿಲ್ಲ.

ಹೆಜ್ಜೆ 1: ಹಾರ್ಡ್‌ವೇರಿನಿಂದಲೇ ಆಗುವ ತಡವನ್ನು ಅಳೆಯುವ ಎಚ್‌ಡಬ್ಲ್ಯುಲ್ಯಾಟ್‌ಡಿಟೆಕ್ಟ್ ಓಡಿಸಿ. ತಪ್ಪು ಹಾರ್ಡ್‌ವೇರಿನದ್ದಾದರೆ ಮುಂದಿನದ್ದೆಲ್ಲ ದಂಡ.

ಹೆಜ್ಜೆ 2: ಕಳ್ಳನನ್ನು ಹಿಡಿಯಿರಿ. ಎಡವುವುದೇ ಇಲ್ಲಿ. ಲೇಟೆನ್ಸಿ ಅಳೆಯುವ ಸೈಕ್ಲಿಕ್‌ಟೆಸ್ಟ್ ಓಡುತ್ತಿರುವಾಗಲೇ ಟ್ರೇಸ್ ಈವೆಂಟ್ (ಕರ್ನಲ್‌ನಲ್ಲಿ ನಡೆದದ್ದನ್ನು ದಾಖಲಿಸುವ ಗುರುತು) ಆನ್ ಮಾಡುತ್ತಾರೆ. ಆ ಈವೆಂಟ್ ಕೂಡ ಸ್ಟ್ಯಾಟಿಕ್ ಕೀ ಮೇಲೇ ನಿಂತಿದೆ! ಆನ್ ಮಾಡಿದ್ದೇ ತೇಪೆ, ಅದೇ ಲೇಟೆನ್ಸಿ. ತಾನೇ ಹುಟ್ಟಿಸಿದ ಸ್ಪೈಕಿನ ಹಿಂದೆ ಎರಡು ದಿನ ಅಲೆದವರನ್ನು ನೋಡಿದ್ದೇನೆ. ಅದಕ್ಕೇ, ಐಪಿಐ (ಒಂದು ಕೋರ್ ಇನ್ನೊಂದಕ್ಕೆ ಕಳಿಸುವ ಇಂಟರಪ್ಟ್) ಹೋದದ್ದನ್ನು ದಾಖಲಿಸುವ ಈವೆಂಟುಗಳನ್ನೂ ಸ್ಟ್ಯಾಕ್‌ಟ್ರೇಸನ್ನೂ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಅಳತೆಗೆ ಮೊದಲೇ ಆನ್ ಮಾಡಿ, ಒಂದೆರಡು ನಿಮಿಷ ಬಿಡಿ, ಆಮೇಲೆ ಅಳತೆ ಶುರು ಮಾಡಿ. ನಡುವೆ ನಿಲ್ಲಿಸಬೇಕಾದರೆ ‘ಟ್ರೇಸಿಂಗ್_ಆನ್’ ಫೈಲಿಗೆ 0 ಬರೆಯಿರಿ. ಅದು ಬಫರ್‌ಗೆ ಬರೆಯುವುದನ್ನಷ್ಟೇ ತಡೆಯುತ್ತದೆ, ಕೋಡ್ ಮುಟ್ಟುವುದಿಲ್ಲ. ಟ್ರೇಸರ್ ಬದಲಿಸಲು ಹೋಗಬೇಡಿ. ಟ್ರೇಸಿನಲ್ಲಿ ಕಾಲ್‌ಬ್ಯಾಕ್ (ಇಂಟರಪ್ಟ್ ಬಂದ ಕೋರ್ ಓಡಿಸಬೇಕಾದ ಫಂಕ್ಷನ್) ಇದ್ದ ಕಡೆ ‘ಡು_ಸಿಂಕ್_ಕೋರ್’ ಕಂಡರೆ ಕಳ್ಳ ಸಿಕ್ಕ. ಕಳಿಸಿದ್ದು ಯಾರೆಂದು ಸ್ಟ್ಯಾಕ್ ಹೇಳುತ್ತದೆ.

ಹೆಜ್ಜೆ 3: ತೇಪೆಗೆ ಕಾರಣವಾದ ಆ ಕೆಲಸವನ್ನು ಬೂಟ್ ಹೊತ್ತಿಗೇ ಮುಗಿಸಿ. ಉದಾಹರಣೆಗೆ, ಪ್ಯಾಕೆಟ್‌ಗಳಿಗೆ ಟೈಮ್‌ಸ್ಟ್ಯಾಂಪ್ (ಸಮಯದ ಗುರುತು) ಕೇಳುವ ಮೊದಲ ನೆಟ್‌ವರ್ಕ್ ಸಾಕೆಟ್ ತೆರೆದಾಗ ಕೀ ಆನ್, ಕೊನೆಯದು ಮುಚ್ಚಿದಾಗ ಆಫ್. ಬೂಟ್‌ನಲ್ಲೇ ಅಂಥ ಒಂದು ಸಾಕೆಟ್ ತೆರೆದು ಸುಮ್ನೆ ಹಿಡಿದಿಟ್ಟರೆ ಕೀ ಅತ್ತಿತ್ತ ಆಗುವುದಿಲ್ಲ. ನೋಡಲು ಪೆದ್ದು ಉಪಾಯ, ಆದರೆ ನನಗೆ ಇದೇ ಇಷ್ಟ. ಪರ್ಫ್, ಕೆಪ್ರೋಬ್ (ಎರಡೂ ಕರ್ನಲ್‌ನ ಒಳಗನ್ನು ನೋಡುವ ಸಲಕರಣೆ), ಮಾಡ್ಯೂಲ್ ಲೋಡ್, ಲೈವ್‌ಪ್ಯಾಚ್ (ಓಡುವಾಗಲೇ ಕರ್ನಲ್ ದುರಸ್ತಿ): ಇವುಗಳಿಂದಲೂ ತೇಪೆ ಬೀಳಬಹುದು, ಕೆಲಸ ನಡೆಯುವಾಗ ಯಾವುದೂ ಬೇಡ. ಒಂದೇ ಕ್ಲಿಕ್‌ನಲ್ಲಿ ‘ರಿಯಲ್‌ಟೈಮ್ ಟ್ಯೂನಿಂಗ್’ ಮಾಡುತ್ತೇವೆನ್ನುವ ಸ್ಕ್ರಿಪ್ಟುಗಳನ್ನಂತೂ ಓದದೆ ಓಡಿಸಬೇಡಿ. ಅಂಕಿಅಂಶಕ್ಕೆಂದು ಅವೇ ಕೀ ತಿರುಗಿಸುತ್ತಿರಬಹುದು.

ಹೆಜ್ಜೆ 4: ಹಳೆ ಕರ್ನಲ್ ಬಿಡಿ. ಒಂದು ಕೀ ನೂರು ಕಡೆ ಇದ್ದರೆ ಮೊದಲು ಒಂದೊಂದು ಜಾಗಕ್ಕೂ ಆ ಮೂರು ಸುತ್ತು ಬೇರೆ ಬೇರೆ ನಡೆಯುತ್ತಿತ್ತು. 2019ರಲ್ಲಿ ಅವನ್ನೆಲ್ಲ ಗುಂಪು ಮಾಡಿ ಒಟ್ಟಿಗೆ ತಿದ್ದುವ ಬದಲಾವಣೆ ಬಂತು.

ಹೆಜ್ಜೆ 5: ನಿಮ್ಮದೇ ಡ್ರೈವರ್ ಇದ್ದರೆ, ಆಗಾಗ ಬದಲಾಗುವ ಸ್ವಿಚ್‌ಗೆ ಸ್ಟ್ಯಾಟಿಕ್ ಕೀ ಹಾಕಬೇಡಿ. ಮಾಮೂಲಿ ‘ಇಫ್’ ಸಾಕು. ಕೀ ಬೇಕೇ ಬೇಕು ಅಂದರೆ ಆಫ್ ಮಾಡುವುದನ್ನು ತಡವಾಗಿಸುವ ಡಿಫರ್ಡ್ ಕೀ ಇದೆ, ಅದನ್ನು ಬಳಸಿ. ಆಫ್ ಕೇಳಿದ ಮರುಕ್ಷಣವೇ ಆನ್ ಕೇಳಿದರೂ ಆಗ ತೇಪೆ ಬೀಳುವುದಿಲ್ಲ.