ಆಲ್ಫಾ ಕಣದ ವೇಗ: ನನ್ನ ಲೆಕ್ಕ ಸರಿಹೋದದ್ದು ಹೀಗೆ

ಯುರೇನಿಯಂ-238 ಒಡೆದು ಥೋರಿಯಂ-234 ಮತ್ತು ಒಂದು ಆಲ್ಫಾ ಕಣ (ದ್ರವ್ಯರಾಶಿ ಸುಮಾರು 4 ಇರುವ ಹೀಲಿಯಂ ನ್ಯೂಕ್ಲಿಯಸ್) ಆಗುತ್ತದೆ, ಇವೆರಡರ ವೇಗದ ಅನುಪಾತ ಎಷ್ಟು ಅನ್ನುವ ಲೆಕ್ಕ ಎರಡು ದಿನ ನನ್ನನ್ನು ಕಾಡಿತು. ನನಗೆ ಬರುತ್ತಿದ್ದದ್ದು 7.6. ಸರಿ ಉತ್ತರ 58.5.

ಬಿಡುಗಡೆಯಾದ ಶಕ್ತಿ ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ ಅಂತ ಸುಮ್ನೆ ಅಂದುಕೊಂಡಿದ್ದೆ, ತಪ್ಪು ಅಲ್ಲೇ ಇತ್ತು. ಸಮನಾಗಿರುವುದು ಸಂವೇಗ, ಅಂದರೆ ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ. ಒಡೆಯುವ ಮೊದಲು ನ್ಯೂಕ್ಲಿಯಸ್ ಸುಮ್ಮನೆ ನಿಂತಿತ್ತು, ಒಟ್ಟು ಸಂವೇಗ ಸೊನ್ನೆ, ಹಾಗಾದರೆ ಒಡೆದ ಮೇಲೂ ಸೊನ್ನೆಯೇ ಇರಬೇಕು ಅಲ್ವಾ? ಅದಕ್ಕೇ ಎರಡೂ ವಿರುದ್ಧ ದಿಕ್ಕಿಗೆ ಚಿಮ್ಮುತ್ತವೆ, ಮತ್ತು ಆಲ್ಫಾದ ದ್ರವ್ಯರಾಶಿಯನ್ನು ಅದರ ವೇಗದಿಂದ ಗುಣಿಸಿದರೆ ಬರುವುದೂ ಥೋರಿಯಂಗೆ ಹಾಗೇ ಮಾಡಿದರೆ ಬರುವುದೂ ಒಂದೇ. 234 ಅನ್ನು 4ರಿಂದ ಭಾಗಿಸಿ, 58.5. ಅಷ್ಟೇ.

ಇಲ್ಲಿ ಒಂದು ಎಚ್ಚರ ಬೇಕು: 238 ಹಾಕಬೇಡಿ, 4 ಆಗಲೇ ಹೊರಗೆ ಹೋಗಿದೆ. ನಾನು ಒಮ್ಮೆ ಹಾಗೆ ಮಾಡಿ 59.5 ಪಡೆದಿದ್ದೆ.

ಆಮೇಲೆ ಶಕ್ತಿಯನ್ನೂ ನೋಡಿದೆ, ನನಗೆ ತುಂಬಾ ಇಷ್ಟವಾದದ್ದು ಇದೇ. ಒಟ್ಟು ಸುಮಾರು 4.27 ಎಂಇವಿ (ಮೆಗಾ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಒಂದು ಅಳತೆ) ಶಕ್ತಿಯಲ್ಲಿ 4.20ರಷ್ಟು ಹಗುರವಾದ ಆಲ್ಫಾಗೇ ಹೋಗುತ್ತದೆ, ಥೋರಿಯಂಗೆ ಉಳಿಯುವುದು ಬರೀ 0.07. ಆಲ್ಫಾದ ವೇಗ ಸೆಕೆಂಡಿಗೆ ಸುಮಾರು 14,200 ಕಿಲೋಮೀಟರ್, ಥೋರಿಯಂದು ಸುಮಾರು 240. ಬೆಳಕಿನ ವೇಗದ ಶೇಕಡಾ 5ಕ್ಕಿಂತ ಕಡಿಮೆ ಇರುವುದರಿಂದ ಸಾಪೇಕ್ಷತೆಯ ಸೂತ್ರ ಬೇಕಾಗುವುದಿಲ್ಲ.

ನ್ಯೂಕ್ಲಿಯಸ್‌ನಿಂದ ಎಲೆಕ್ಟ್ರಾನ್ ಹೊರಬರುವ ಬೀಟಾ ಕ್ಷಯಕ್ಕೆ ಮಾತ್ರ ಈ ಸುಲಭ ದಾರಿ ಹಿಡಿಯಬೇಡಿ. ಅಲ್ಲಿ ಆಂಟಿನ್ಯೂಟ್ರಿನೊ ಅಂತ ಮೂರನೆಯ ಕಣವೂ ಸಂವೇಗದಲ್ಲಿ ಪಾಲು ತೆಗೆದುಕೊಳ್ಳುತ್ತದೆ.