ಮುಖದ ಬದಲು ಕಂಬಚಿಗುರು: ಕಾಫಿ ಬಣ್ಣದ ಸ್ವಚಿತ್ರ

ಕಷ್ಟ ದಾಟಿ ನಿಂತದ್ದನ್ನು ಸ್ವಚಿತ್ರದಲ್ಲಿ ಹೇಳಲು ಒಂದೇ ಸಂಕೇತ ಸಾಕು. ನಾಲ್ಕೈದು ತುರುಕಿದರೆ ಯಾವುದೂ ಮಾತಾಡುವುದಿಲ್ಲ. ಕೊಡಗಿನವರಿಗೆ, ಕತ್ತರಿಸಿದ ಮೇಲೂ ಕಂಬಚಿಗುರು (ನೆಟ್ಟಗೆ ಏಳುವ ಹೊಸ ಚಿಗುರು) ಬಿಡುವ ಕಾಫಿ ಗಿಡದ ಬೊಡ್ಡೆಗಿಂತ ಒಳ್ಳೆಯದು ಬೇಕೆ?

300 ಜಿಎಸ್‌ಎಂನ ದಪ್ಪ ಜಲವರ್ಣ ಕಾಗದದ ನಾಲ್ಕೂ ಅಂಚಿಗೆ ಟೇಪ್ ಹಾಕಿ ಹಲಗೆಗೆ ಬಿಗಿಯಿರಿ. ಕನ್ನಡಿ ನೋಡಿ ಕುತ್ತಿಗೆ, ಭುಜದ ರೇಖೆ ಮಾತ್ರ ಎಳೆದು ಅದನ್ನೇ ಬೊಡ್ಡೆಯಾಗಿಸಿ. 50 ಮಿ.ಲೀ. ಬಿಸಿನೀರಿಗೆ 2 ಟೀ ಚಮಚ ಇನ್‌ಸ್ಟಂಟ್ ಕಾಫಿಪುಡಿ ಗಾಢ ಬಣ್ಣ. ತೆಳುವಿಗೆ ನೀರು ಸೇರಿಸಿ. ತೆಳುವಿನಿಂದ ಗಾಢಕ್ಕೆ ಹೋಗಿ. ಒಣಗಿದ ಕಾಫಿಯೂ ನೀರು ತಾಗಿದರೆ ಮತ್ತೆ ಕರಗುತ್ತದೆ, ಹಾಗಾಗಿ ಒಂದೇ ಜಾಗದಲ್ಲಿ ಕುಂಚ ಉಜ್ಜಬೇಡಿ. ಕತ್ತರಿಸಿದ ಗಾಯವನ್ನು ಮರೆಮಾಚಬೇಡಿ. ಅದರ ಕೆಳಗಿನಿಂದಲೇ ಕಂಬಚಿಗುರು ಹೊರಡಲಿ, ಹಸಿರು ಅಲ್ಲಿ ಮಾತ್ರ.

ನಮ್ಮ ಮಳೆಗಾಲದ ತೇವಕ್ಕೆ ಕಾಗದ ಬೂಸ್ಟು ಹಿಡಿಯುತ್ತದೆ. ಪೂರ್ತಿ ಒಣಗಿಸಿ, ಗಾಜಿಗೆ ತಾಗದಂತೆ ಸುತ್ತ ಮೌಂಟ್ ಬೋರ್ಡ್ (ದಪ್ಪ ರಟ್ಟಿನ ಅಂಚು) ಇಟ್ಟು ಫ್ರೇಮ್ ಹಾಕಿಸಿ.